ಕೊಟ್ಟಿಗೆ ಮೇಲಿನ ಕಾಫಿ ಡಬ್ಬಿ

ಗ್ರಾಫ್ಟನ್ ಹತ್ತಿರ, ನಾರ್ತ್ ಡಕೋಟ
ಜೂನ್ 14, 2004

ಪ್ರೀತಿಯ ಸೋನ್ಯಾ,

ಆ ಅದಿರು ಸಾಗಿಸುವ ಹಡಗಿನ ಊಟ ನಿನಗೆ ಒಗ್ಗಿತೇ? ಸರೋವರದ ಗಾಳಿ ಕೆಟ್ಟದ್ದು, ಕಿವಿ ಮುಚ್ಚಿಕೋ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಆದರೆ ನಿನ್ನ ಅಪ್ಪನ ನಡವಳಿಕೆ ಯಾಕೋ ಸರಿಕಾಣುತ್ತಿಲ್ಲ.

ಹೋದ ವಾರ ಲ್ಯಾಪ್‌ಟಾಪಿನ ವೈರ್‌ಲೆಸ್ ಕಾರ್ಡನ್ನು ನನ್ನ ಬೆಣ್ಣೆ ಚಾಕುವಿನಲ್ಲಿ ಬಿಚ್ಚಿ, ಅದಕ್ಕೊಂದು ತಂತಿ ಬೆಸೆದರು. ತಂತಿಯ ಇನ್ನೊಂದು ತುದಿ ನನ್ನ ಕಾಫಿ ಡಬ್ಬಿಯೊಳಗೆ, ಡಬ್ಬಿ ಕೊಟ್ಟಿಗೆಯ ಮಾಡಿನ ಮೇಲೆ. ಏನ್ರೀ ಇದು ಅಂದರೆ, "ಆಂಟೆನಾ ಕಣೇ, ದೂರದ ಸಿಗ್ನಲ್ ಹಿಡಿಯುತ್ತೆ" ಅಂದರು. ಯಾರ ಸಿಗ್ನಲ್ ಅಂದರೆ ಬರೀ ಕೆಮ್ಮು. ನಲವತ್ತೊಂದು ವರ್ಷ ಬಾಳಿದವಳಿಗೆ ಆ ಕೆಮ್ಮು ಗೊತ್ತಿಲ್ಲವೇ? ಡಬ್ಬಿ ನೋಡುವ ಕಡೆಗೇ ನಾನೂ ನೋಡಿದೆ. ಸಕ್ಕರೆ ಬೀಟ್‌ಗೆಡ್ಡೆಯ ಹೊಲ ದಾಟಿದರೆ ನೇರ ನಾರ್ವಾಲ್ಡ್ ಚಿಕ್ಕಪ್ಪನ ಅಡುಗೆಮನೆ ಕಿಟಕಿ! ನಿನ್ನ ಅಜ್ಜನ ಟ್ರ್ಯಾಕ್ಟರ್ ಮಾರಿದಂದಿನಿಂದ ಹನ್ನೊಂದು ವರ್ಷ ಈ ಅಣ್ಣತಮ್ಮಂದಿರಿಗೆ ಮಾತಿಲ್ಲ. ಚರ್ಚಿನಲ್ಲೂ ಒಬ್ಬರು ಎಡದ ಬೆಂಚು, ಒಬ್ಬರು ಬಲದ ಬೆಂಚು. ತಮ್ಮ ಬೇಡ, ಅವನ ಇಂಟರ್ನೆಟ್ ಬೇಕು ಅಂದರೆ ಕಳ್ಳತನವಲ್ಲದೆ ಇನ್ನೇನು? ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ.

ತಪ್ಪೊಪ್ಪಿಕೊಂಡು ಬರೋಣವೆಂದು ಹುಳಿ ರೂಬಾರ್ಬ್ ದಂಟಿನ ಪೈ ಸುಟ್ಟು ಹಿಡಿದು ಹೋದೆ. ಬರಿಗೈಯಲ್ಲಿ ಹೋಗಲಾದೀತೇ? ಚಿಕ್ಕಪ್ಪ ಬಾಗಿಲಿಗೇ ಅಡ್ಡ ನಿಂತ. "ಒಳಗೆಲ್ಲಾ ಗಲೀಜು, ಅತ್ತಿಗೆ" ಅಂದ. ಹೆಂಡತಿ ಸತ್ತಮೇಲೂ ನೆಲ ಫಳಫಳ ಇಟ್ಟುಕೊಂಡವನು! ಅವನನ್ನು ಸರಿಸಿ ಒಳಗೆ ಹೋದರೆ, ಕಿಟಕಿಯಲ್ಲಿ ಇನ್ನೊಂದು ಡಬ್ಬಿ ನಮ್ಮ ಕೊಟ್ಟಿಗೆಯತ್ತ ಬಾಯಿತೆರೆದು ಕೂತಿದೆ. "ಒಂದ್ರಿಂದ ಆಗಲ್ಲ, ಎರಡೂ ಎದುರುಬದುರು ಇರ್ಬೇಕು" ಎಂದು ಕೆಮ್ಮಿದ. ಅದೇ ಕೆಮ್ಮು. ಹಾಗಾದರೆ ಮಾತಾಡಿದಿರಾ ಅಂದೆ. "ಛೆ, ಇಲ್ಲ. ಅವನು ಕೊಟ್ಟಿಗೆ ಮೇಲಿಂದ ಟವೆಲ್ ಬೀಸಿ ಎಡ-ಬಲ ತೋರಿಸ್ದ, ನಾನು ಡಬ್ಬಿ ತಿರುಗಿಸ್ದೆ. ಅಷ್ಟೇ." ಮೇಜಿನ ಮೇಲೆ ಡಬ್ಬಿಗೆ ತಂತಿ ಬೆಸೆಯುವುದು ಹೇಗೆಂದು ಬರೆದ ಚಿತ್ರ. ನಮ್ಮನೆಯಲ್ಲೂ ಅಂಥದ್ದೇ ಇದೆ. ಎರಡರಲ್ಲೂ ನಿನ್ನ ಅಕ್ಷರ! ಹೆತ್ತವಳಿಂದಲೂ ಮುಚ್ಚಿಟ್ಟೆಯಾ? ಸಿಟ್ಟು ಬಂತು, ಅಳುವೂ ಬಂತು. ಇಬ್ಬರಿಗೂ ಎಪ್ಪತ್ತು ಹತ್ತಿರವಾಯಿತು ಮಗಳೇ. ಒಬ್ಬರ ಶವಪೆಟ್ಟಿಗೆಯ ಮುಂದೆ ಇನ್ನೊಬ್ಬರು ಬಾಯಿಬಿಟ್ಟರೆ ಏನು ಬಂತು?

ದೇವರು ನಿನ್ನನ್ನೂ ಆ ಹಡಗನ್ನೂ ಕಾಯಲಿ.

ನಿನ್ನ ಅಮ್ಮ,
ಅರ್ಡಿಸ್

ಬರೆಯಲು ಮರೆತೆ: ಬೆಳಿಗ್ಗೆ ಅಪ್ಪ ಪೇಟೆಗೆ ಹೋದಾಗ, ಈ ಮಂಡಿಯಲ್ಲೇ ಏಣಿ ಹತ್ತಿ ಡಬ್ಬಿಯನ್ನು ಒಂದು ಗೇಣು ತಿರುಗಿಸಿಬಿಟ್ಟೆ. ಬೀಸಲು ಒಂದೂ ಸಿಗದ ಹಾಗೆ ಮನೆಯ ಟವೆಲುಗಳನ್ನೆಲ್ಲ ನೆನೆಹಾಕಿದೆ. ಈಗ ಅಪ್ಪ ಏಣಿಯ ಮೇಲೆ, ಕಿವಿಗೆ ಫೋನು, ಆ ತುದಿಯಲ್ಲಿ ಚಿಕ್ಕಪ್ಪ: "ಎಡಕ್ಕೋ ಬಲಕ್ಕೋ, ಬಾಯಿಬಿಟ್ಟು ಹೇಳೋ ಕತ್ತೆ!" ಸಿಗ್ನಲ್ ಸಿಕ್ಕಿ ಅರ್ಧ ಗಂಟೆಯಾಯಿತು. ಇನ್ನೂ ಇಳಿದಿಲ್ಲ, ಫೋನೂ ಇಟ್ಟಿಲ್ಲ. ಅಪ್ಪನಿಗೆ ಹೇಳೀಯೆ, ಜೋಕೆ.