ತಲೆ ಉತ್ತರಕ್ಕಿದ್ದ ಮಂಚ

3 ಫೆಬ್ರುವರಿ 2025, ಸೋಮವಾರ. ಬೆಳಿಗ್ಗೆ

ಸಮಸ್ತ ಬಳ್ಳಾರಿ ಜಿಲ್ಲೆಯ ಮಹಾಜನತೆಗೆ ಈ ಮೂಲಕ ಪ್ರಕಟಪಡಿಸುವುದೇನೆಂದರೆ: ಪ್ರೌಢಶಾಲೆಯಲ್ಲಿ ವರ್ಷಾನುಗಟ್ಟಲೆ ಭೂಗೋಳ ಕಲಿಸಿದ, ಅಕ್ಷಾಂಶ ರೇಖಾಂಶಗಳನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲ ಶ್ರೀಮತಿ ಅರುಣಾ ಹಂಪೇಶ್ ಇವರು ಇಂದು ಸ್ವಂತ ಮನೆಯ ಸ್ವಂತ ಸೋಫಾದ ಮೇಲೆ, ಚಹಾ ಆರುವಷ್ಟರಲ್ಲಿ, ದಾರಿ ತಪ್ಪಿದ್ದಾರೆ. ಹುಡುಕಿಕೊಟ್ಟವರಿಗೆ ಬಹುಮಾನ ಇಲ್ಲ.

ತಪ್ಪಿದ್ದು ಟ್ಯಾಬಿನೊಳಗೆ. ಚೌಕ ಕಲ್ಲಿನ ಆಟ. ಅಲ್ಲಿ ಗುಡ್ಡ, ಹೊಳೆ, ಹಂದಿ, ಸೂರ್ಯ ಎಲ್ಲ ಚೌಕ. ಅಗೆದರೆ ಕಲ್ಲು, ಇಟ್ಟರೆ ಗೋಡೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ. ಕತ್ತಲಾದರೆ ಮಾತ್ರ ಹಸಿರು ಮುಖದ ನಡೆದಾಡುವ ಹೆಣಗಳು ಬರುತ್ತವೆ, ಬಾಗಿಲು ಹಾಕಿಕೊಂಡಿರಬೇಕು. ತಮ್ಮ ವೀರೇಶ್ ಹಚ್ಚಿದ ಹುಚ್ಚು. ಹೋದ ವರ್ಷ ದೇಶನೂರಿನ ಹತ್ತಿರ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಸಿರುಗುಪ್ಪದ ಮನೆಯಲ್ಲಿ ಮಲಗಿ ಬೇಸರವಾಗಿ ಫೋನ್ ಮಾಡಿದ್ದ — "ಅಕ್ಕಾ, ನೀನೂ ಬಾ. ಇಬ್ರೂ ಒಂದ ಲೋಕದಾಗ ಆಡಬಹುದು."

ಆಮೇಲೆ ಅದು ಆಟವಾಗಿ ಉಳಿಯಲಿಲ್ಲ. ಕುರುಗೋಡಿನ ನಮ್ಮ ಮನೆ ರಸ್ತೆ ಅಗಲವಾಗುವಾಗ ಹೋಯಿತು. ಅವ್ವ ಒಡೆಯುವುದನ್ನು ನೋಡಲು ಹೋಗಲಿಲ್ಲ. ವೀರೇಶನ ಜೊತೆ ಸಿರುಗುಪ್ಪಕ್ಕೆ ಹೋದಳು, ಕುರುಗೋಡಿನ ಹೆಸರೆತ್ತುವುದನ್ನೇ ಬಿಟ್ಟಳು. ದೀಪಾವಳಿ ಹೊತ್ತಿಗೆ ಡಾಕ್ಟರು ಕಣ್ಣಿನ ಪೊರೆ ತೆಗೆಸಬೇಕು ಎಂದಾಗ ಮಾತ್ರ ಒಂದು ಮಾತು — "ಕಣ್ಣು ಚಲೋ ಆದ ಮ್ಯಾಲೆ ನೋಡಾಕ ಆ ಮನಿ ಇರಬೇಕಿತ್ತು ನೋಡು."

ಫೋಟೊ? ನನ್ನ ಮದುವೆಯದೊಂದಿದೆ. ಅದರಲ್ಲಿ ಬಾಗಿಲು ಅರ್ಧ, ಬೀಗರು ಪೂರ್ತಿ.

ಅದಕ್ಕೇ ಆ ಮನೆಯನ್ನು ಆಟದೊಳಗೆ ಕಟ್ಟಿದೆವು. ಕಟ್ಟೆ, ಪಡಸಾಲೆ, ದೀಪದ ಗೂಡು... ಅವ್ವನಿಗೆ ಹೇಳಿಯೂ ಆಯಿತು. ಆಪರೇಶನ್ ಹೋದ ವಾರ ಮುಗಿದಿದೆ. ಹದಿನೈದಕ್ಕೆ ಬಳ್ಳಾರಿಯಲ್ಲಿ ತಪಾಸಣೆ. ಅಲ್ಲಿಯವರೆಗೆ ಅವ್ವ ಮೊಬೈಲ್ ನೋಡುವಂತಿಲ್ಲ. ಹದಿನಾರು, ಭಾನುವಾರ, ಗೃಹಪ್ರವೇಶ.

ಇಂದು ಬಾಗಿಲಿಗೆ ಕಪ್ಪು ಮರ ತರಲು ದೂರದ ಕಾಡಿಗೆ ಹೋದೆ. ಗುಂಡಿಗೆ ಬಿದ್ದು ಸತ್ತೆ. ಅಲ್ಲಿ ಸತ್ತರೆ ಚಿಂತೆಯಿಲ್ಲ, ಕಡೆಯ ಸಲ ಮಲಗಿದ ಮಂಚದ ಮೇಲೆ ಎದ್ದು ಕೂರುತ್ತೇವೆ. ನಾನು ಎದ್ದದ್ದು ಸಮುದ್ರದ ದಂಡೆಯಲ್ಲಿ! ಮೊದಲ ದಿನ ಇಬ್ಬರೂ ಬಂದಿಳಿದ ಜಾಗ. ಪರದೆಯ ಮೇಲೆ ಒಂದು ಸಾಲು: ನಿಮ್ಮ ಮಂಚ ಕಾಣೆಯಾಗಿದೆ.

ಮನೆ ಎಲ್ಲೋ. ನಾನು ಇಲ್ಲಿ. ಶಾಲೆಗೆ ಹೊತ್ತಾಯಿತು.

4 ಫೆಬ್ರುವರಿ, ಮಂಗಳವಾರ

ತನಿಖೆ ಮುಗಿದಿದೆ. ಅಪರಾಧಿ ನಾನೇ.

ವೀರೇಶ್ ನಮ್ಮಿಬ್ಬರ ಮಂಚಗಳನ್ನೂ ಉತ್ತರಕ್ಕೆ ತಲೆ ಮಾಡಿ ಹಾಕಿದ್ದ. ಉತ್ತರಕ್ಕೆ ತಲೆಯಿಟ್ಟು ಯಾರನ್ನು ಮಲಗಿಸುತ್ತಾರೆ ಎಂಬುದು ಕೂಸಿಗೂ ಗೊತ್ತು. ಹೋದ ವಾರ ಎರಡನ್ನೂ ಕಿತ್ತು ದಕ್ಷಿಣಕ್ಕೆ ತಲೆ ಮಾಡಿ ಇಟ್ಟೆ. ಆಟಕ್ಕೆ ಶಾಸ್ತ್ರ ಗೊತ್ತಿಲ್ಲ. ಕಿತ್ತಿಟ್ಟ ಮಂಚ ಅದರ ಲೆಕ್ಕದಲ್ಲಿ ಹೊಸ ಮಂಚ, ಒಂದು ಸಲವಾದರೂ ಮಲಗದಿದ್ದರೆ ಗುರುತೇ ಹಿಡಿಯುವುದಿಲ್ಲ. ನಾನು ಮಲಗಿರಲಿಲ್ಲ.

ವೀರೇಶನನ್ನು ಕೇಳಬಹುದು. ಕೇಳುವುದಿಲ್ಲ. ಮಾತು ಬಿಟ್ಟಿದ್ದೇವೆ. ಒಳಗೆ ಹೋದರೆ ಒಲೆ ಬಲಕ್ಕಿತ್ತು ಎಂದು ನಾನು ಕಟ್ಟಿದೆ. ಎಡಕ್ಕಿತ್ತು ಎಂದು ಅವನು ನನಗೆ ಹೇಳದೆ ಕಿತ್ತು ಹಾಕಿದ. "ಆ ಮನ್ಯಾಗ ಹುಟ್ಟಿದವ ನಾನು" ಎಂದ. ನಾನೇನು ಆಕಾಶದಿಂದ ಉದುರಿದ್ದೆನೆ?

ನಮ್ಮನೆಯವರ ಮುಂದೆ ತೋಡಿಕೊಂಡೆ.

"ಏನ್ರಿ, ನಾ ದಾರಿ ತಪ್ಪೀನಿ."

ಪೇಪರ್ ಕೆಳಗಿಳಿಯಲಿಲ್ಲ. "ಎಲ್ಲಿ?"

"ಅದು ಗೊತ್ತಿದ್ರ ತಪ್ಪಿದಂಗ ಹೆಂಗ ಆಗ್ತೈತಿ?"

"ನಿಮ್ಮ ತಮ್ಮನ್ನ ಕೇಳು."

"ಸಾಯ್ತೀನಿ ಹೊರತು ಕೇಳಂಗಿಲ್ಲ."

"ಒಮ್ಮೆ ಸತ್ತಿದ್ದಕ್ಕ ಇಷ್ಟು ಆಗೈತಲ್ಲ."

5 ಫೆಬ್ರುವರಿ, ಬುಧವಾರ

ದಿಕ್ಸೂಚಿ ಮಾಡಿದೆ. ಕಬ್ಬಿಣ, ಒಂದು ಚಿಟಿಕೆ ಕೆಂಪು ಪುಡಿ. ಮುಳ್ಳು ಗಿರಗಿರ ತಿರುಗಿತು, ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ನಡೆದೆ — ಹಿಂದಕ್ಕೆ ತೋರಿಸಿತು. ಇನ್ನೂ ನಡೆದೆ — ಹಿಂದಕ್ಕೇ.

ಆಗ ತಿಳಿಯಿತು. ಈ ಮುಳ್ಳಿಗೆ ಉತ್ತರ ಗೊತ್ತಿಲ್ಲ. ಮನೆಯೂ ಗೊತ್ತಿಲ್ಲ. ಮೊದಲು ಬಂದಿಳಿದ ದಂಡೆಯೊಂದೇ ಗೊತ್ತು. ಎಲ್ಲಿ ಹೋದರೂ ಅದನ್ನೇ ತೋರಿಸುತ್ತದೆ, ಮದುವೆಯಾಗಿ ಬಂದ ಹೊಸತರಲ್ಲಿ ನಾನು ಪ್ರತಿ ಬಸ್ಸಿನ ಬೋರ್ಡಿನಲ್ಲಿ ಕುರುಗೋಡು ಹುಡುಕುತ್ತಿದ್ದ ಹಾಗೆ.

ನಕ್ಷೆಯೂ ಮಾಡಿದೆ. ಅದು ನಾವು ತುಳಿದ ನೆಲವನ್ನಷ್ಟೇ ಬರೆದುಕೊಳ್ಳುತ್ತದೆ. ಹಾಳೆಯೆಲ್ಲ ಖಾಲಿ, ನಡುವೆ ನಾನೊಂದು ಚುಕ್ಕೆ. ನಿಂತ ಜಾಗದ ಅಂಕಿಗಳನ್ನು ಪರದೆ ಮೇಲೆ ತೋರಿಸುವ ಸೌಕರ್ಯವೂ ಇದೆಯಂತೆ. ಲೋಕ ವೀರೇಶನದು, ಅದನ್ನವನು ಮೊದಲ ದಿನವೇ ಬಂದ್ ಮಾಡಿಟ್ಟಿದ್ದಾನೆ. "ನಂಬರ್ ನೋಡ್ಕೋತ ಮನಿಗೆ ಹೋಗೋದು ಏನ್ ಮಜಾ?" ಅಂದಿದ್ದ.

ಮಜಾ ಬರುತ್ತಿದೆ.

7 ಫೆಬ್ರುವರಿ, ಶುಕ್ರವಾರ. ಸಂಜೆ

ಬಳ್ಳಾರಿಯಲ್ಲಿ ಯಾರೂ ಕಳೆದುಹೋಗುವುದಿಲ್ಲ. ಯಾವ ಓಣಿಯಲ್ಲಿ ನಿಂತರೂ ತಲೆ ಎತ್ತಿದರೆ ಕೋಟೆ ಗುಡ್ಡ. ಗುಡ್ಡ ಈ ಕೈಗೆ ಇದ್ದರೆ ಮನೆ ಆ ಕಡೆ. ನಕ್ಷೆ ಯಾರಿಗೆ ಬೇಕು?

ಇಷ್ಟು ದಿನ ಹೊಳೆಯಲೇ ಇಲ್ಲ! ನಮ್ಮ ಮನೆಯ ಹಿಂದೆಯೂ ಒಂದು ಗುಡ್ಡವಿತ್ತು. ಬೋಳು ಕಲ್ಲಿನದು, ನೆತ್ತಿ ಚಪ್ಪಟೆ, ಕುರುಗೋಡಿನದೇ ಪಡಿಯಚ್ಚು. ಅದನ್ನು ನೋಡಿಯೇ ಅಲ್ಲಿ ಬುನಾದಿ ಹಾಕಿದ್ದು. ಶಾಲೆಯಿಂದ ಬಂದವಳೇ ಚಪ್ಪಲಿ ಬಿಡದೆ ಕೂತೆ. ಒಂದು ಗುಡ್ಡ ಹತ್ತಿದೆ. ಅದಲ್ಲ. ಇನ್ನೊಂದು. ಅದೂ ಅಲ್ಲ. ನೆತ್ತಿ ಚಪ್ಪಟೆ ಇರುವುದು ಕಾಣಲೇ ಇಲ್ಲ.

ರೊಟ್ಟಿ ಬಡಿಯುವಾಗ ನೆನಪಾಯಿತು. ಮನೆಯ ಗೋಡೆಗೆ ಕಲ್ಲು ಎಲ್ಲಿಂದ ಬಂತು? ಆ ಗುಡ್ಡದಿಂದ. ನಾನು ಈ ಕಡೆಯಿಂದ, ಅವನು ಆ ಕಡೆಯಿಂದ. ಪೂರ್ತಿ ಅಗೆದು ಬಯಲು ಮಾಡಿದ್ದೇವೆ.

ಬಳ್ಳಾರಿ ಜಿಲ್ಲೆಯವರ ಕೈಗೆ ಗುಡ್ಡ ಕೊಟ್ಟರೆ ಇನ್ನೇನಾಗುತ್ತದೆ.

11 ಫೆಬ್ರುವರಿ, ಮಂಗಳವಾರ

ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುವುದರಲ್ಲೇ ಮೂರ್ನಾಲ್ಕು ದಿನ ಹೋಯಿತು. ಒಬ್ಬ ಮಹಾನುಭಾವ ಸೂರ್ಯ ದಕ್ಷಿಣದಲ್ಲಿ ಹುಟ್ಟುತ್ತಾನೆ ಎಂದು ಬರೆದಿದ್ದಾನೆ. ಮೊದಲಾದರೆ ಕೆಂಪು ಶಾಯಿ ಹರಿಸುತ್ತಿದ್ದೆ. ಈಗ ನನಗೂ ಗ್ಯಾರಂಟಿ ಇಲ್ಲ.

ಅವ್ವ ಫೋನ್ ಮಾಡಿದ್ದಳು.

"ಡ್ರಾಪ್ಸ್ ಹಾಕ್ಕೊಂತಿ ಏನವ್ವ?"

"ಹಾಕ್ತಾನ ವೀರೇಶ. ಕಣ್ಣಿಗೆ ಒಂದು ಹನಿ, ಮೂಗಿಗೆ ಎರಡು. ಅದಿರ್ಲಿ, ಶನಿವಾರ ಬರ್ತೀವಿ. ಡಾಕ್ಟರ್ ಹೂಂ ಅಂದ್ರ ಮೊದಲು ಮನಿ ನೋಡೋದು. ಅಲ್ಲೀತನ ಟಿವಿನೂ ನೋಡಂಗಿಲ್ಲ ಅಂತ ಇವರಿಗೆ ಹೇಳೀನಿ."

"ಟಿವಿ ನೋಡವ್ವ, ಏನಾಗ್ತೈತಿ..."

"ಬ್ಯಾಡ. ಹೊಸ ಕಣ್ಣು. ಮೊದಲು ಅದನ್ನ ನೋಡ್ತೀನಿ."

ಮನಿ ಅಂದಳು. ಮನೆ ಹೋದ ಮೇಲೆ ಆ ಮನೆಯ ಮಾತನ್ನು ತಾನಾಗಿ ಎತ್ತಿದ್ದು ಇದು ಎರಡನೇ ಸಲ. ಇಷ್ಟಾದರೂ ತಮ್ಮನ ನಂಬರ್ ಒತ್ತಲಿಲ್ಲ. ಭಲೇ ಅರುಣಾ.

13 ಫೆಬ್ರುವರಿ, ಗುರುವಾರ

ನಗು ನಿಲ್ಲುತ್ತಿಲ್ಲ.

ನಿನ್ನೆಯಿಂದ ಪಂಜು ನೆಡುತ್ತಾ ಹೋಗುತ್ತಿದ್ದೆ. ಹೋಗುವಾಗ ಎಡಕ್ಕೆ ನೆಟ್ಟರೆ ಬರುವಾಗ ಬಲಕ್ಕೆ ಸಿಗುತ್ತವೆ, ತಪ್ಪುವುದಿಲ್ಲ. ಇಂದು ದಿಬ್ಬ ದಾಟಿದರೆ ಎದುರಿಗೆ ಇನ್ನೊಂದು ಪಂಜಿನ ಸಾಲು! ನನ್ನದಲ್ಲ. ಆ ಲೋಕದಲ್ಲಿರುವುದು ಇಬ್ಬರೇ. ಅಂದರೆ ವೀರೇಶನದು. ವೀರೇಶ್ ಎಂದರೆ ಮನೆ. ಅವನನ್ನು ಕೇಳದೆಯೇ ಮನೆ ಸೇರಬಹುದು, ಮಾನವೂ ಉಳಿಯುತ್ತದೆ.

ಸಾಲು ಹಿಡಿದು ಓಡಿದೆ. ಕಾಡು, ಕೆರೆ ಬಳಸಿ... ಕೊನೆಯ ಪಂಜಿನ ಪಕ್ಕ ಅವನೇ ನಿಂತಿದ್ದ. ಚೌಕ ತಲೆ, ಕೈಯಲ್ಲಿ ಇನ್ನೊಂದು ಪಂಜು. ನನ್ನನ್ನೇ ನೋಡುತ್ತಿದ್ದಾನೆ.

ಪಕ್ಕದಲ್ಲಿದ್ದ ಫೋನ್ ಬಡಿದುಕೊಂಡಿತು.

"ಅಕ್ಕಾ! ದೇವರು ಬಂದಂಗ ಬಂದಿ ನೋಡು. ನಡಿ, ಕರಕೊಂಡು ಹೋಗು."

"ಎಲ್ಲಿಗೆ?"

"ಮನಿಗೆ. ನೀ ಮನಿಯಿಂದ ಬಂದ್ಯಲ್ಲ?"

"ನಾ ನಿನ್ನ ಪಂಜಿನ ಗುಂಟ ಮನಿಗೆ ಹೊಂಟಿದ್ದೆ."

ಪರದೆಯಲ್ಲಿ ಅವನ ಚೌಕ ತಲೆ ಪಂಜಿನ ಸಾಲಿನ ಕಡೆ ತಿರುಗಿತು, ಮತ್ತೆ ನನ್ನ ಕಡೆ.

"ನೀನೂ ಸತ್ತೇನಲೇ?"

"ಕೆರ್‍ಯಾಗ ಮುಳುಗಿದೆ. ಎದ್ದು ನೋಡ್ತೀನಿ, ಸಮುದ್ರದ ದಂಡಿ. ಮಂಚ ಕಾಣೆಯಾಗೈತಿ ಅಂತು. ವಾರ ಆತು ತಿರುಗಾಕ ಹತ್ತೀನಿ. ನಿನ್ನ ಕೇಳಿದ್ರ ಒಲಿ ಬಲಕ್ಕಿತ್ತು ಅಂತ ಒಪ್ಪಿಸ್ತಿ ಅಂತ ಕೇಳಲಿಲ್ಲ. ...ಅಲ್ಲ, ಮಂಚ ಹೆಂಗ ಕಾಣೆ ಆತು?"

"ತಲಿ ಉತ್ತರಕ್ಕಿತ್ತು."

"ಅದಕ್ಕ?"

"ಅದಕ್ಕ ಅಂತ ಏನ್ ಕೇಳ್ತಿ? ಕಾಲು ಮುರಿದದ್ದು ಸಾಲದೇನಲೇ ನಿನಗ?"

ಅವನು ನಕ್ಕ. ಮೊದಲು ಅವನೇ ನಕ್ಕದ್ದು, ದಾಖಲೆಗೆ ಇರಲಿ. ಆಮೇಲೆ ಇಬ್ಬರೂ ಮುಳ್ಳು ತೋರಿಸಿದ ಕಡೆ ನಡೆದು ದಂಡೆಗೆ ಬಂದೆವು. ಇನ್ನೆಲ್ಲಿಗೆ ಹೋಗುವುದು? ಇಬ್ಬರ ದಿಕ್ಸೂಚಿಯೂ ಅದನ್ನೊಂದೇ ತೋರಿಸುತ್ತದೆ.

"ಅವ್ವಗ ಯಾರು ಹೇಳೋದು?"

"ನೀ ದೊಡ್ಡಾಕಿ."

ಇಂಥ ಹೊತ್ತಿನಲ್ಲಿ ಮಾತ್ರ ನಾನು ದೊಡ್ಡಾಕಿ.

15 ಫೆಬ್ರುವರಿ, ಶನಿವಾರ

ಬಂದರು. ಡಾಕ್ಟರು ಹೂಂ ಅಂದರು. ಅವ್ವ ಆಟೊದಲ್ಲಿ ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾ ಬಂದಳು. ನಾವಿಬ್ಬರೂ ಇನ್ನೂ ಬಾಯಿ ಬಿಟ್ಟಿಲ್ಲ.

16 ಫೆಬ್ರುವರಿ, ಭಾನುವಾರ

ಅವ್ವ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಸೋಫಾದ ಮೇಲೆ ಕೂತಳು. ಕಪ್ಪು ಕನ್ನಡಕ ತೆಗೆದು ಟ್ಯಾಬ್ ತೊಡೆಯ ಮೇಲಿಟ್ಟುಕೊಂಡಳು. ಸಮುದ್ರ. ಮರಳು. ಇಬ್ಬರು ಚೌಕ ತಲೆಯವರು.

"ಇವರ್‍ಯಾರು?"

"ನಾನು. ಅವ ವೀರೇಶ."

"ಮನಿ ಎಲ್ಲೈತಿ?"

ವೀರೇಶ್ ಫ್ಯಾನ್ ನೋಡಿದ. ದೊಡ್ಡಾಕಿ ನಾನು.

"ಐತಿ ಅವ್ವ. ಎಲ್ಲೈತಿ ಅಂತ ಗೊತ್ತಿಲ್ಲ."

"ಕಟ್ಟಿದವರು ನೀವ ಅಲ್ಲ?"

"ಅಕ್ಕ ಮಂಚ ಕಿತ್ತಿದ್ಲು."

"ನೀ ಒಲಿ ಕಿತ್ತಿದ್ದಿ."

"ಒಲಿ ಯಾಕ ಕಿತ್ತಿ?" ಎಂದಳು ಅವ್ವ.

ಇಬ್ಬರೂ ಒಟ್ಟಿಗೆ ಶುರು ಮಾಡಿದೆವು, ಬಲ, ಎಡ, ಬಲ, ಎಡ. ಅವ್ವ ಕೈ ಎತ್ತಿದಳು. ನಮ್ಮನೆಯವರು ಪೇಪರ್ ಕೆಳಗಿಳಿಸಿದರು. ಈ ವರ್ಷ ಮೊದಲ ಸಲ.

"ಇಬ್ರೂ ಖರೇ ಅದೀರಿ. ಅರುಣಾ ಸಣ್ಣಾಕಿದ್ದಾಗ ಬಲಕ್ಕಿತ್ತು. ನೀ ಹುಟ್ಟಿದಿ, ತೊಟ್ಟಿಲಿಗೆ ಹೊಗಿ ಹೊಡಿತಿತ್ತು. ನಿಮ್ಮಪ್ಪ ಕಿತ್ತು ಎಡಕ್ಕ ಹಾಕಿದ್ರು. ಅಷ್ಟೊತ್ತಿಗೆ ಇಕಿ ಮೋಕ ಊರಾಗ ಅಜ್ಜಿ ಹತ್ರ ಸಾಲಿಗೆ ಹೋಗಿದ್ಲು."

"ರಜಾಕ್ಕ ಬರ್ತಿದ್ದೆನಲ್ಲವ್ವ?"

"ಬರ್ತಿದ್ದಿ. ಅಡಿಗಿ ಮನಿಗೆ ಎಲ್ಲಿ ಬರ್ತಿದ್ದಿ? ಉಣ್ಣಾಕ ಪಡಸಾಲಿ, ಆಡಾಕ ಓಣಿ."

ನನ್ನ ಒಲೆ ಅವನು ಕಂಡಿಲ್ಲ. ಅವನ ಒಲೆ ನಾನು ನೋಡಲಿಲ್ಲ.

ಅವ್ವ ಟ್ಯಾಬನ್ನೇ ನೋಡುತ್ತಿದ್ದಳು. ಅತ್ತಾಳು ಅಂದುಕೊಂಡೆ. ಅಷ್ಟರಲ್ಲಿ ಬೆರಳಿನಿಂದ ಗಾಜಿನ ಮೇಲೆ ಕುಟ್ಟಿದಳು.

"ಇಲ್ಲೇ ಕಟ್ರಿ. ನಾ ಹೇಳ್ತೀನಿ."

"ಇದು ಸಮುದ್ರದ ದಂಡಿ ಅವ್ವ!"

"ಇರ್ಲಿ. ಕುರುಗೋಡದಾಗ ಕೊಡ ಹೊತ್ತು ಹೊತ್ತು ನಡಾ ಹೋಗೈತಿ. ಇಲ್ಲಿ ನೀರು ಬಾಗಲದಾಗ ಐತಿ."

19 ಫೆಬ್ರುವರಿ, ಬುಧವಾರ

ವೀರೇಶ್ ಸಿರುಗುಪ್ಪಕ್ಕೆ ಹೋದ. ಅವ್ವ ಇಲ್ಲೇ ಉಳಿದಿದ್ದಾಳೆ. ಸಂಜೆ ಅವನು ಅಲ್ಲಿಂದ, ನಾನು ಇಲ್ಲಿಂದ, ನಡುವೆ ಅವ್ವ, ಅಂದರೆ ಮೇಸ್ತ್ರಿ ಚನ್ನವೀರಮ್ಮ. ಫೋನ್ ಸ್ಪೀಕರಿನಲ್ಲಿ ಮೇಸ್ತ್ರಿಯ ಬೈಗುಳ.

"ಕಟ್ಟಿ ಅಷ್ಟು ಎತ್ರ ಇರ್ಲಿಲ್ಲ, ಇಳಸು. ಆ ಗ್ವಾಡಿ ಸೊಟ್ಟ ಇತ್ತು, ಸೊಟ್ಟ ಹಾಕು."

"ಇದರಾಗ ಸೊಟ್ಟ ಬರಂಗಿಲ್ಲವ್ವ."

"ಎಂಥಾ ಆಟ ಇದು, ಒಂದು ಸೊಟ್ಟ ಗ್ವಾಡಿ ಬರಂಗಿಲ್ಲ."

ಒಲೆ ಎರಡು ಹಾಕಿದೆವು. ತೊಟ್ಟಿಲಿನ ಜಾಗ ಖಾಲಿ ಬಿಟ್ಟೆವು. ಬಿಡಿಸಿ ಹೇಳಲು ನಾಚಿಕೆ, ಆದರೂ ಬರೆದಿಡುತ್ತೇನೆ: ಈಗ ದಿಕ್ಸೂಚಿ ನೇರ ಮನೆಗೇ ತೋರಿಸುತ್ತದೆ. ಮನೆಯನ್ನೇ ಮುಳ್ಳಿನ ಕಡೆಗೆ ತಂದಾಯಿತಲ್ಲ.

ಕೊನೆಯ ಕಲ್ಲಿಟ್ಟ ಮೇಲೆ ಅವ್ವ, "ಬಾಗಲ ಹಾಕು. ನಾ ಸ್ವಲ್ಪ ಒಳಗ ಇರ್ತೀನಿ" ಎಂದಳು. ಟ್ಯಾಬ್ ಅವಳ ಕೈಗೆ ಕೊಟ್ಟು ಎದ್ದೆ. ತಿರುಗಿ ಬಂದಾಗ ಹಾಗೆಯೇ ಕೂತಿದ್ದಳು. ಏನೂ ಒತ್ತಿರಲಿಲ್ಲ. ಪಡಸಾಲೆಯಲ್ಲಿ ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಅವ್ವ ಅದನ್ನು ನೋಡುತ್ತಿದ್ದಳು.

23 ಫೆಬ್ರುವರಿ, ಭಾನುವಾರ. ಸಂಜೆ

ಟ್ಯಾಬ್ ಈಗ ನನ್ನ ಕೈಗೆ ಸಿಗುವುದಿಲ್ಲ. ಅವ್ವ ನಡೆಯುವುದನ್ನು ಕಲಿತಿದ್ದಾಳೆ. ನಿಲ್ಲುವುದನ್ನು ಇನ್ನೂ ಕಲಿತಿಲ್ಲ, ಎರಡು ಸಲ ಸಮುದ್ರಕ್ಕೆ ಹೋಗಿ ಬಂದಳು. ಇಂದು ಹಂದಿಯೊಂದನ್ನು ಹಿತ್ತಲಲ್ಲಿ ಕಂಡು, ಲಿಂಗವಂತರ ಮನೆಗೆ ಇದೆಲ್ಲಿ ಬಂತು ಎಂದು ಬೇಲಿ ಹಾಕಿಸಿದಳು.

ಈಗ ಪಡಸಾಲೆಯಿಂದ ಕೂಗುತ್ತಿದ್ದಾಳೆ — "ಅರುಣಾ! ಕತ್ಲಾತು, ಯಾರೋ ಹಸರು ಮಾರಿಯವ ಬಾಗಲ ಬಡಿಯಾಕ ಹತ್ಯಾನ! ಪಾಪ, ಹಸದಾನ ಏನೋ. ತೆಗೀಲೇನು?"

ತೆಗೀಬ್ಯಾಡ ಅವ್ವ!!

ಓಡಬೇಕು. ನನ್ನ ಡೈರಿಯನ್ನು ಕದ್ದು ಓದುತ್ತಿರುವವರೇ — ರೀ, ನೀವೇ ಅಂತ ಗೊತ್ತು, ಪೇಪರಿನ ಮಡಿಕೆಯೊಳಗೆ ಇಟ್ಟುಕೊಂಡು ಓದುತ್ತೀರಿ — ಅಡುಗೆಮನೆಯಲ್ಲಿ ಹಾಲಿಟ್ಟಿದ್ದೇನೆ. ಉಕ್ಕುವ ಮೊದಲು ಹೋಗಿ ಗ್ಯಾಸ್ ಸಣ್ಣ ಮಾಡಿ. ಆರಿಸಬೇಡಿ, ಇನ್ನೂ