ಎಡಗಿವಿಯ ಸರ್ಪಸುತ್ತು

ಸೆಪ್ಟೆಂಬರ್ 9
ಶನಿವಾರದ ಮದುವೆಗೆ ಪಟ್ಟಿ. ವರನ ಸೋದರಮಾವ ಕುಡಿಯುವುದಿಲ್ಲ, ಅವನ ಕೈಗೆ ಲೋಟ ಕೊಡಬಾರದು. ವಧುವಿನ ಚಿಕ್ಕಮ್ಮಂದಿರು ಮಾತು ಬಿಟ್ಟಿದ್ದಾರೆ, ಇಬ್ಬರನ್ನೂ ಹರಸಲು ಒಟ್ಟಿಗೆ ಕರೆಯಬಾರದು. ಇಪ್ಪತ್ತೆರಡು ವರ್ಷದಿಂದ ಕಾರಾಕೋಲ್ ಊರಿನ ಮದುವೆಗಳಲ್ಲಿ ಮೈಕ್ ಹಿಡಿದು ಜನರನ್ನು ನಗಿಸುತ್ತಿದ್ದೇನೆ. ಬರೆದುಕೊಳ್ಳದಿದ್ದರೆ ಇವತ್ತಿಗೂ ಎಡವಟ್ಟಾಗುತ್ತದೆ.
ಎಡಗಿವಿ ನೋವು. ಸೂಜಿ ಚುಚ್ಚಿ ತಿರುವಿದ ಹಾಗೆ. ಹೆಂಡತಿ ಅನಾರ್ ಕೇಳಿದ ಕೂಡಲೇ ತೀರ್ಪು ಕೊಟ್ಟಳು: "ಕಾರಿನ ಕಿಟಕಿ ತೆಗೆದು ಕೂತಿರ್ತೀರಲ್ಲ, ಗಾಳಿ ಹೊಡೆದಿದೆ."
ಈ ಊರಿನಲ್ಲಿ ಎಲ್ಲಕ್ಕೂ ಗಾಳಿಯೇ ಕಾರಣ. ಹಲ್ಲುನೋವಿಗೂ ಗಾಳಿ, ಸೊಸೆ ಮುನಿಸಿಕೊಂಡರೂ ಗಾಳಿ.

ಸೆಪ್ಟೆಂಬರ್ 11
ಕಿವಿಯೊಳಗೆ ಸಣ್ಣ ಗುಳ್ಳೆಗಳು. ಉರಿ. ಅಣ್ಣ ಕುಬತ್ ಬಾಯ್ಕೆ ಕುರಿಯ ಬಾಲದ ಕೊಬ್ಬು ಕಾಯಿಸಿ ತಂದ.
"ಮಲಗು ತಮ್ಮಾ. ಅಪ್ಪ ಕುದುರೆ ಕಿವಿಗೂ ಇದನ್ನೇ ಹಾಕ್ತಿದ್ದ."
"ನಾನು ಕುದುರೆ ಅಲ್ಲ."
"ಅಲ್ಲ ಬಿಡು. ಕುದುರೆ ಇಷ್ಟು ಮಾತಾಡ್ತಿರಲಿಲ್ಲ."
ಸುರಿದೇಬಿಟ್ಟ. ನೋವು ಹಾಗೇ ಇದೆ. ಬೆಕ್ಕು ಮಾತ್ರ ಸಂಜೆಯಿಂದ ನನ್ನ ಬೆನ್ನು ಬಿಡುತ್ತಿಲ್ಲ.
ಡಾಕ್ಟರ ಹತ್ತಿರ ಹೋಗಬೇಕು. ಹೋಗೋಣ... ಶನಿವಾರ ಮುಗಿಯಲಿ.

ಸೆಪ್ಟೆಂಬರ್ 13, ಬೆಳಗ್ಗೆ
ಬಾಯಿ ಮುಕ್ಕಳಿಸಿದೆ. ನೀರೆಲ್ಲ ಎಡಗಡೆಯಿಂದ ಇಳಿದು ಅಂಗಿಯ ಮೇಲೆ. ಕನ್ನಡಿ ನೋಡಿದೆ. ಎಡಗೆನ್ನೆ ಜೋತುಬಿದ್ದಿದೆ. ಹುಬ್ಬು ಏಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಅನಾರ್ ಕಿರುಚಿದಳು. "ಲಕ್ವ! ಲಕ್ವ!" ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಾಳೆ.

ಅದೇ ದಿನ, ಸಂಜೆ
ಲಕ್ವ ಅಲ್ಲ. ನರದ ಡಾಕ್ಟರ್ ಗಿಡ್ಡ ಹೆಂಗಸು, ಬಿಳಿಗೂದಲು. ಕಿವಿಗೆ ದೀಪ ಹಿಡಿದು ಮೂಗು ಮುಚ್ಚಿಕೊಂಡರು.
"ಇದೇನು ವಾಸನೆ?"
"ಕುರಿ ಕೊಬ್ಬು."
ಅವರು ಅನಾರ್‌ಳನ್ನು ನೋಡಿದರು. ಅನಾರ್ ಗೋಡೆ ನೋಡಿದಳು.
"ಸರ್ಪಸುತ್ತು," ಅಂದರು.
"ಅದು ಸೊಂಟಕ್ಕಲ್ವಾ ಡಾಕ್ಟ್ರೇ, ಪಟ್ಟಿ ಕಟ್ಟಿದ ಹಾಗೆ?"
"ನರ ಇರೋ ಕಡೆ ಎಲ್ಲಾದ್ರೂ ಬರುತ್ತೆ. ಚಿಕ್ಕೋರಿದ್ದಾಗ ಸೀತಾಳೆ ಸಿಡುಬು ಆಗಿತ್ತಾ?"
"ಆರನೇ ವರ್ಷದಲ್ಲಿ."
"ಅದೇ ವೈರಸ್. ಇಷ್ಟು ವರ್ಷ ನರದೊಳಗೆ ಮಲಗಿತ್ತು, ಈಗ ಎದ್ದಿದೆ. ಮುಖ ಆಡಿಸೋ ನರಾನೇ ಹಿಡಿದಿದೆ."
"ಮುಖ ವಾಪಸ್ ಬರುತ್ತಾ?"
"ಗುಳ್ಳೆ ಎದ್ದ ದಿನಾನೇ ಬಂದಿದ್ರೆ ಧೈರ್ಯವಾಗಿ ಹೇಳ್ತಿದ್ದೆ. ಈಗ... ಪ್ರಯತ್ನ ಮಾಡೋಣ."
ಮಾತ್ರೆ ದಿನಕ್ಕೆ ಐದು ಸಲ. ಇನ್ನೊಂದು ಮಾತ್ರೆ ಬೆಳಗ್ಗೆ. ಕಣ್ಣಿಗೆ ಹನಿ. ಮಲಗುವಾಗ ರೆಪ್ಪೆಗೆ ಪ್ಲಾಸ್ಟರ್. ಸರಿಹೋಗಲು ಎಷ್ಟು ದಿನ ಅಂದೆ. ತಿಂಗಳುಗಟ್ಟಲೆ ಅನ್ನಿ, ಅಂದರು.
ಶನಿವಾರದ ಮದುವೆಗೆ ಮಕ್ಸತ್ ಹೋಗುತ್ತಾನೆ. ನನ್ನ ಜೊತೆ ಹದಿನೈದು ವರ್ಷದಿಂದ ಕೀಬೋರ್ಡ್ ನುಡಿಸುವವನು. ಅವನ ಬಾಯಲ್ಲಿ ಒಂದು ಶುಭಾಶಯವೂ ನೆಟ್ಟಗೆ ಹೊರಡುವುದಿಲ್ಲ.

ಸೆಪ್ಟೆಂಬರ್ 17
ಜನ, ಜನ, ಜನ. ಒಬ್ಬಳು ಮಂತ್ರಿಸಿ ಉಗುಳುವ ಮುದುಕಿಯನ್ನೇ ಕರೆತಂದಳು. ಮುದುಕಿ ಉಗುಳಿದಳು. ಗುರಿ ತಪ್ಪಿ ಕಣ್ಣಿಗೆ ಬಿತ್ತು. ಮುಚ್ಚಲಾಗದ ಕಣ್ಣಿಗೆ! ಕೆಳಮನೆಯವನ ಪ್ರಕಾರ ಇದಕ್ಕೆ ಮದ್ದು ಸೀಮೆಎಣ್ಣೆ. ಅವನ ಹೆಂಡತಿಯ ಪ್ರಕಾರ ನರಿಯ ಚರ್ಮ. ಕುಬತ್ ಬಾಯ್ಕೆ ಕೊಬ್ಬಿನ ವಿಷಯ ಎತ್ತಲೇ ಇಲ್ಲ. "ಗಾಳೀನೇ, ಬೇರೇನಿಲ್ಲ," ಎಂದು ಚಹಾ ಕುಡಿದು ಹೋದ.
ಎಡಗಿವಿಗೆ ಎಲ್ಲ ಸದ್ದೂ ಹತ್ತುಪಟ್ಟು. ಬಟ್ಟಲಲ್ಲಿ ಚಮಚ ಆಡಿಸಿದರೆ ಕಮ್ಮಾರನ ಸಾಲೆ. ಚಹಾ ಕೂಡ ತಗಡಿನ ರುಚಿ. ನೋವು ಬಂದಾಗ ದಿಂಬು ಕಚ್ಚುತ್ತೇನೆ. ಅರ್ಧ ಬಾಯಿಯಿಂದ ಕಚ್ಚುವುದೂ ಬರುವುದಿಲ್ಲ.

ಅಕ್ಟೋಬರ್ 4
ಗುಳ್ಳೆ ಒಣಗಿ ಉದುರಿದವು. ಮುಖ ಇದ್ದ ಹಾಗೇ ಇದೆ.
ದಿನಕ್ಕೆ ಮೂರು ಸಲ ಕನ್ನಡಿ ಮುಂದೆ ವ್ಯಾಯಾಮ. ಹುಬ್ಬು ಏರಿಸು, ಕೆನ್ನೆ ಊದು, ಸಿಳ್ಳೆ ಹಾಕು. ಬಲಗಡೆಯೇ ಎಲ್ಲ ಮಾಡುತ್ತದೆ, ಎಡಗಡೆ ಸರ್ಕಾರಿ ನೌಕರನ ಹಾಗೆ ನೋಡುತ್ತಾ ಕೂತಿರುತ್ತದೆ. ಪ, ಬ, ಮ ಹೊರಡುವುದಿಲ್ಲ. ತುಟಿ ಕೂಡಬೇಕಲ್ಲ.
ಮಕ್ಸತ್ ಬಂದಿದ್ದ, ನನ್ನನ್ನೂ ಬಾಯ್ಕೆ, ಅಂದರೆ ಅಣ್ಣ, ಅನ್ನುವವನು. "ಸಗಿನ್ ಬಾಯ್ಕೆ, ನಿಮ್ಮಷ್ಟು ಚೆನ್ನಾಗಿ ಎಲ್ಲಿ ಬರುತ್ತೆ ನಂಗೆ? ಆದ್ರೂ ಜನ ನಗ್ತಾರೆ ನೋಡಿ, ಆಶ್ಚರ್ಯ!" ಅವನಿಗೆ ಆಶ್ಚರ್ಯ. ನನಗೆ ಹೊಟ್ಟೆಯುರಿ. ಅದಕ್ಕೆ ಯಾವ ಡಾಕ್ಟರೂ ಮಾತ್ರೆ ಬರೆದಿಲ್ಲ.

ಅಕ್ಟೋಬರ್ 21
ಜಗಳ. ಮೂರು ದಿನದಿಂದ ಅನಾರ್ ನನ್ನ ಬಲಗಡೆಯೇ ಕೂರುತ್ತಿದ್ದಳು. ಊಟಕ್ಕೂ, ಟಿ.ವಿ. ನೋಡುವಾಗಲೂ. ಇವತ್ತು ಕೇಳಿದೆ.
"ಎಡಗಡೆ ನೋಡಕ್ಕೆ ಹೇಸಿಗೇನಾ?"
"ಎಡಗಿವಿಗೆ ಸದ್ದು ಜಾಸ್ತಿ ಅಂತ ನೀವೇ ಹೇಳಿದ್ರಿ. ಅದಕ್ಕೆ ಈ ಕಡೆ ಕೂತೆ."
ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಗಿಸುವವನ ಮುಖ ಹೋದರೆ ಉಳಿಯುವುದೇನು, ನಿನಗೇನು ಗೊತ್ತು, ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವಳಿಗೆ ಮುಖ ಯಾಕೆ ಬೇಕು — ಹೀಗೆಲ್ಲ ಅಂದೆ. ಪ-ಬ-ಮ ಇಲ್ಲದೆಯೂ ಬೈಯಬಹುದು, ಗೊತ್ತಾಯಿತು.
ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಿದಳು.
"ಇಪ್ಪತ್ತೆರಡು ವರ್ಷ ಊರಿಗೆಲ್ಲ ನಗು ಹಂಚಿ ಬಂದ್ರಿ. ಮನೆ ಬಾಗಿಲಲ್ಲಿ ಕೋಟಿನ ಜೊತೆ ಮುಖಾನೂ ಕಳಚಿ ಗೂಟಕ್ಕೆ ಹಾಕ್ತಿದ್ರಿ. ಈಗ ಅರ್ಧ ಮುಖ ಇಡೀ ದಿನ ಮನೇಲಿದೆ. ನಂಗೆ ಇದೇ ಜಾಸ್ತಿ."
ಅಡುಗೆಮನೆಗೆ ಹೋದಳು. ಉಳಿದ ತಟ್ಟೆಗಳನ್ನು ನಾನೇ ಒರೆಸಿದೆ. ಮೈಕ್ ಹಿಡಿದ ಮೇಲೆ ಇದೇ ಮೊದಲ ಸಲ.

ನವೆಂಬರ್ 10
ಕುಬತ್ ಬಾಯ್ಕೆಯ ಮಗಳು ಬೆರ್ಮೆತ್ ಮದುವೆ ಹದಿನಾರಕ್ಕೆ. ಮೈಕ್ ಹಿಡಿಯಲು ರಾಜಧಾನಿ ಬಿಷ್ಕೆಕ್‌ನಿಂದ ಯಾರನ್ನೋ ಕರೆಸಿದ್ದಾನಂತೆ. ನನಗೆ ಹೇಳಿದ್ದು ಅಲ್ಲಿ ಕೀಬೋರ್ಡ್ ನುಡಿಸಲಿರುವ ಮಕ್ಸತ್. ಅಣ್ಣನಿಗೆ ಫೋನ್ ಮಾಡಿದೆ.
"ನಿಂಗೆ ಆಯಾಸ ಆಗ್ಬಾರದು ಅಂತ, ತಮ್ಮಾ..."
"ಅವಳ ಮದುವೇಲಿ ನಾನೇ ಮೈಕ್ ಹಿಡೀತೀನಿ ಅಂತ ಅವಳು ಹುಟ್ಟಿದ ದಿನಾನೇ ಮಾತು ಕೊಟ್ಟಿದ್ದೆ."
"ಗೊತ್ತು. ಆದ್ರೆ ಬೀಗರ ಮುಂದೆ..." ಅಲ್ಲಿಗೇ ನಿಲ್ಲಿಸಿದ.
ನಾನೂ ಫೋನ್ ಇಟ್ಟೆ. ಹೋಗುವುದಿಲ್ಲ. ಖಂಡಿತ ಹೋಗುವುದಿಲ್ಲ.

ನವೆಂಬರ್ 17
ಹೋದೆ. ಅನಾರ್ ಕೋಟು ಇಸ್ತ್ರಿ ಮಾಡಿಟ್ಟಿದ್ದಳು.
ಕೊನೆಯ ಮೇಜು, ಕಂಬದ ಮರೆ. ಬಿಷ್ಕೆಕ್‌ನವನು ಹೊಳೆಯುವ ಕೋಟಿನವನು, ಹಲ್ಲು ಮೂವತ್ತೆರಡೂ ಹೊರಗೆ. ಒಳ್ಳೆಯ ಕೆಲಸಗಾರನೇ, ಅದೇ ಸಿಟ್ಟು. ಮಾಂಸದ ತಟ್ಟೆ ಬರುವ ಹೊತ್ತಿಗೆ ಬೆರ್ಮೆತ್ ಬಿಳಿ ಉಡುಪು ಎತ್ತಿಕೊಂಡು ಮೇಜುಗಳ ನಡುವೆ ನಡೆದು ಬಂದಳು. ಕೈಯಲ್ಲಿ ಮೈಕ್.
"ಚಿಕ್ಕಪ್ಪಾ, ನೀವು ಹರಸದೆ ನಾನು ಗಂಡನ ಮನೆಗೆ ಹೋಗಲ್ಲ."
"ನನ್ನ ಬಾಯಿ ನೋಡು ತಾಯಿ."
"ನೋಡ್ದೆ. ಎದ್ದೇಳಿ."
ಎದ್ದೆ. ಇನ್ನೂರು ಮುಖ. ಬೀಗರ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಮೊದಲ ಪದವೇ ಹುಡುಗಿಯ ಹೆಸರು. ಹೊರಟದ್ದು "ವೆರ್‌ವೆತ್". ಯಾರೋ ಕಿಸಕ್ಕೆಂದರು. ಆಮೇಲೆ ಸಭೆಯೆಲ್ಲ ತಟ್ಟೆ ನೋಡಿಕೊಂಡು ಕೂತಿತು. ಆ ಮರ್ಯಾದೆಯ ಮೌನ! ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಕೆಟ್ಟ ಸಭೆ ಕಂಡಿಲ್ಲ. ಹಳೇ ಮೈಕಿನ ಭೂತ ಮೈಮೇಲೆ ಬಂತು.
"ತಲೆ ತಗ್ಗಿಸಿ ಕೂತ್ರೆ ಊಟ ತಣ್ಣಗಾಗುತ್ತೆ," ಅಂದೆ. "ನಗ್ರಯ್ಯಾ! ನಂಗೆ ಅರ್ಧ ನಗೋಕೇ ಆಗೋದು. ಇನ್ನರ್ಧ ನೀವು ನಗದಿದ್ರೆ ಈ ಹುಡುಗಿ ಪಾಲಿಗೆ ಲೆಕ್ಕ ಕಡಿಮೆ ಬೀಳುತ್ತೆ."
ಮೊದಲು ಮಕ್ಸತ್ ಕೀಬೋರ್ಡಿನ ಹಿಂದಿನಿಂದ ಕತ್ತೆಯ ಹಾಗೆ ನಕ್ಕ. ನಂತರ ಬೀಗರು. ನಂತರ ಎಲ್ಲರೂ. ನಾನು ಹರಸಿದೆ. ಪ, ಬ, ಮ ಎಲ್ಲೆಲ್ಲೋ ಚೆಲ್ಲಿದವು, ಯಾರೂ ಹೆಕ್ಕಲಿಲ್ಲ. ಕುಬತ್ ಬಾಯ್ಕೆ ಅತ್ತ. ಬಂದು ತಬ್ಬಿಕೊಂಡ, ಸರಿಯಾಗಿ ಎಡಗಿವಿಯ ಮೇಲೆ. ನೋವಿಗೆ ನಾನೂ ಅತ್ತೆ. ಎಲ್ಲರೂ ಅದನ್ನು ಪ್ರೀತಿ ಎಂದುಕೊಂಡರು.

ಡಿಸೆಂಬರ್ 6
ಮಕ್ಸತ್ ಮತ್ತು ನಾನು ಈಗ ಜೋಡಿ. ಅವನು ಮಾತಾಡುತ್ತಾನೆ, ನಾನು ನಡುವೆ ನಡುವೆ ಬೈಯುತ್ತೇನೆ. ಎರಡು ಮದುವೆ ಆಯಿತು. ನೋವು ಈಗ ವಾರಕ್ಕೆ ಎರಡು ಮೂರು ಸಲ. ರೆಪ್ಪೆ ಮುಕ್ಕಾಲು ಮುಚ್ಚುತ್ತದೆ. ಡಾಕ್ಟರ್ ಹೇಳಿದ್ದು: "ಪೂರ್ತಿ ಬರದೇ ಇರಬಹುದು. ಬಂದಷ್ಟನ್ನ ಬೈಕೋಬೇಡಿ."

ಡಿಸೆಂಬರ್ 15, ಭಾನುವಾರ
ಬೆಳಗಿನ ಚಹಾ. ಅನಾರ್ ಅಂಚೆ ಕಚೇರಿಗೆ ಬಂದ ಮುದುಕನ ವಿಷಯ ಹೇಳಿದಳು. ತನ್ನ ಕಾಗದ ತಲುಪಿದವರು ಉತ್ತರ ಬರೆಯುವವರೆಗೂ ಪೋಸ್ಟ್‌ಮನ್ ಬಾಗಿಲಲ್ಲೇ ಕಾಯಲಿ ಅಂತ ಪಟ್ಟು ಹಿಡಿದನಂತೆ. ನಕ್ಕೆ. ಅವಳ ಕೈಯಲ್ಲಿನ ಕೆಟಲ್ ಗಾಳಿಯಲ್ಲೇ ನಿಂತಿತು.
"ತುಟಿ ಎದ್ದಿತು. ಎಡಗಡೆ. ಇನ್ನೊಂದು ಸಲ ನಗಿ."
"ಹೇಳಿದ ಕೂಡ್ಲೆ ನಗೋಕೆ ಬರಲ್ಲ. ನಗಿಸು."
"ನಾನಾ?"
"ಇಷ್ಟು ವರ್ಷ ನಾನು ಮಾಡಿಲ್ವಾ?"
ಈಗ ಒಲೆಯ ಮುಂದೆ ನಿಂತು ಯೋಚಿಸುತ್ತಿದ್ದಾಳೆ. ಹಣೆಯೆಲ್ಲ ಗಂಟು. ನಾನು ಬರೆಯುತ್ತಾ ಕಾಯುತ್ತಿದ್ದೇನೆ. ಶುರು ಮಾಡಿದಳು — ಮದುಮಗ ಕುಡಿದು ಬೇರೆಯವರ ಡೇರೆಗೆ ಹೋದ ಕಥೆ. ಅಯ್ಯೋ, ಅದು ನನ್ನದೇ! ಕೊನೆಯಲ್ಲಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟಳು, ಅತ್ತೆಯ ಹೆಸರು ಮರೆತಳು, ಈಗ ಕುದುರೆಯನ್ನು ಎಲ್ಲಿ ಕಟ್ಟಬೇಕೆಂದು ನನ್ನನ್ನೇ ಕೇಳುತ್ತಿದ್ದಾಳೆ, ನಗು ತಡೆಯಲಾಗುತ್ತಿಲ್ಲ, ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ—