ಅರ್ಜಿ ಹಾಕಿದ್ದರು, ಕುಲಪತಿಗಳೇ

ಮಾನ್ಯ ಕುಲಪತಿಗಳೇ,

ನಮ್ಮ ಹನ್ನೊಂದು ವಿಜ್ಞಾನ ವಿಭಾಗಗಳಲ್ಲಿ ಒಂದಕ್ಕೂ ಮಹಿಳೆ ಮುಖ್ಯಸ್ಥರಾಗಿಲ್ಲವೇಕೆ ಎಂದು ಕಳೆದ ವಾರ ಪತ್ರಕರ್ತರು ಕೇಳಿದಾಗ, "ಅರ್ಹ ಮಹಿಳೆಯರು ಅರ್ಜಿಯನ್ನೇ ಹಾಕುವುದಿಲ್ಲ" ಎಂದಿರಿ. ಅದು ಸುಳ್ಳು. ತಾವು ಗೊತ್ತಿಲ್ಲದೆ ಹೇಳಿರಬಹುದು. ನಾನು ಗೊತ್ತಿದ್ದೂ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ. ಆದ್ದರಿಂದ ತಮಗಿಂತ ದೊಡ್ಡ ಸುಳ್ಳುಗಾರ ನಾನೇ.

ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿ ನಾನು ಎಂಟು ವರ್ಷ ಇದ್ದೆ. ಇದ್ದೆ ಎಂಬುದಷ್ಟೇ ನಿಜ. ವಿಭಾಗವನ್ನು ನಡೆಸಿದವರು ನನ್ನ ಕಿರಿಯ ಸಹೋದ್ಯೋಗಿ. ಕೂದಲೆಳೆಯಷ್ಟು ತೂಕ ತಪ್ಪಿದರೂ ಇಡೀ ಪ್ರಯೋಗವನ್ನು ಮತ್ತೆ ಮಾಡಿಸುತ್ತಿದ್ದ ಅವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು 'ತಕ್ಕಡಿ ಮೇಡಂ'. ಪಠ್ಯಕ್ರಮ ಅವರದು, ಸಹಿ ನನ್ನದು. ಹೊಸ ಪ್ರಯೋಗಾಲಯದ ನಕ್ಷೆ ಅವರದು, ಉದ್ಘಾಟನೆಯ ಫೋಟೊದಲ್ಲಿ ನಡುವೆ ನಿಂತವನು ನಾನು. ಅವರು ರಜೆ ಹಾಕಿದ ದಿನ ಬೀಗದ ಕೈ ಎಲ್ಲಿದೆಯೆಂದು ಕೇಳಿದರೆ ನಾನು ಪಿಳಿಪಿಳಿ ಕಣ್ಣು ಬಿಡುತ್ತಿದ್ದೆ.

ನಾನು ನಿವೃತ್ತನಾಗುವ ವರ್ಷ ಅವರು ಮುಖ್ಯಸ್ಥರ ಹುದ್ದೆಗೆ ಅರ್ಜಿ ಹಾಕಿದರು. ಸಂದರ್ಶನದ ಕೋಣೆಯಲ್ಲಿ ಆಯ್ಕೆ ಸಮಿತಿಯ ನಾವು ಐವರು, ಐವರೂ ಗಂಡಸರು. ನಡಾವಳಿ ಬರೆಯುವ ಕೆಲಸ ನನ್ನದು. ಸಂಶೋಧನೆಯ ಬಗ್ಗೆ ಎರಡೇ ಪ್ರಶ್ನೆ ಕೇಳಿದ ಅಧ್ಯಕ್ಷರು ಕನ್ನಡಕ ತೆಗೆದಿಟ್ಟು, "ಅಲ್ಲಮ್ಮಾ, ಮಗಳು ಇನ್ನೂ ಚಿಕ್ಕವಳು. ಅತ್ತೆಗೂ ಹುಷಾರಿಲ್ವಂತೆ. ಇದನ್ನೆಲ್ಲ ಹೇಗೆ ನಿಭಾಯಿಸ್ತೀರಾ?" ಎಂದರು.

"ಹೊರಗೆ ಕೂತಿರೋ ಇಬ್ಬರು ಸರ್‌ಗಳಿಗೂ ಈ ಪ್ರಶ್ನೆ ಕೇಳಿದ್ರಾ?" ಎಂದರು ಮೇಡಂ.

ಯಾರೋ ನಕ್ಕರು. ಮೇಡಂ ನನ್ನ ಕಡೆ ನೋಡಿದರು. ಅಂಗಲಾಚುವ ನೋಟವಲ್ಲ, ಸಾಕ್ಷಿಯನ್ನು ಕರೆಯುವ ನೋಟ. 'ಎಂಟು ವರ್ಷದಿಂದ ಇವರೇ ನಿಭಾಯಿಸಿದ್ದಾರೆ' ಎಂಬ ಒಂದು ಮಾತು ಸಾಕಿತ್ತು. ನಾನು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತೆ. ಅವರು ಹೊರಗೆ ಹೋದ ಮೇಲೆ ನನ್ನ ಕೈಯಾರೆ ಬರೆದೆ: "ಅಭ್ಯರ್ಥಿಯಲ್ಲಿ ಹೊಂದಾಣಿಕೆಯ ಸ್ವಭಾವ ಸಾಲದು." ಅವರಿಗೆ ಹೋದ ತಿರಸ್ಕಾರ ಪತ್ರದಲ್ಲೂ ಅದೇ ಸಾಲು ಅಚ್ಚಾಯಿತು.

ಯಾರಾದರೂ ಒತ್ತಾಯ ಮಾಡಿದರೇ? ಇಲ್ಲ. ಅವರು ಆ ಕುರ್ಚಿಯಲ್ಲಿ ಕೂತರೆ, ಅಲ್ಲಿಯವರೆಗೆ ಅದರಲ್ಲಿ ನಾನು ಮಾಡುತ್ತಿದ್ದುದಾದರೂ ಏನೆಂದು ಮೂರೇ ತಿಂಗಳಲ್ಲಿ ಎಲ್ಲರಿಗೂ ತಿಳಿದುಹೋಗುತ್ತಿತ್ತು. ಆ ಭಯಕ್ಕೆ ಬರೆದೆ. ಇದನ್ನು ಒಪ್ಪಿಕೊಳ್ಳುವಾಗ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತಿದೆ.

ತಮ್ಮ ಹೇಳಿಕೆ ಓದಿ, ಪತ್ರಿಕೆಗೆ ಬರೆಯುತ್ತೇನೆಂದು ಹೊರಟೆ. "ಊರಿಗೆಲ್ಲ ಹೇಳೋಕೆ ಮುಂಚೆ ಅವರಿಗೆ ಹೇಳಿದ್ದೀರಾ?" ಎಂದಳು ಹೆಂಡತಿ. ಹೇಳಿರಲಿಲ್ಲ. ಹೋದೆ.

ಮೇಡಂ ಕೆಲಸ ಬಿಟ್ಟು ಒಂಬತ್ತು ವರ್ಷವಾಯಿತು. ಟೈರ್ ಅಂಗಡಿಯ ಹಿಂದೆ ಎರಡು ಕೋಣೆಗಳ ಕಾರ್ಯಾಗಾರದಲ್ಲಿ ಪ್ರಯೋಗಾಲಯದ ತಕ್ಕಡಿಗಳನ್ನು ರಿಪೇರಿ ಮಾಡಿಸುತ್ತಾರೆ. ಆರು ಜನ ಕೆಲಸಕ್ಕಿದ್ದಾರೆ. ಗಿರಾಕಿಗಳು ಈಗಲೂ ಒಳಗೆ ಇಣುಕಿ, "ಯಜಮಾನರಿಲ್ವಾ?" ಎನ್ನುತ್ತಾರಂತೆ. ಅವರ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ತಕ್ಕಡಿಗೆ ನಮ್ಮ ವಿಶ್ವವಿದ್ಯಾಲಯದ ಚೀಟಿ ಅಂಟಿತ್ತು. ನಮ್ಮ ತೂಕ ಸರಿಪಡಿಸಲು ಅರ್ಹರು, ಮಾನ್ಯರೇ. ನಮ್ಮನ್ನು ಮುನ್ನಡೆಸಲು ಮಾತ್ರ ಅಲ್ಲ!

ಎಲ್ಲ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಅದು ಅಧ್ಯಕ್ಷರ ಮಾತು ಅಂದ್ಕೊಂಡಿದ್ದೆ ಸರ್. ನೀವು ನನ್ನ ಪರವಾಗಿ ವಾದ ಮಾಡಿ ಸೋತ್ರಿ ಅಂತ ಮನೇಲೆಲ್ಲ ಹೇಳಿದ್ದೆ."

ನೆಲ ಬಾಯಿಬಿಡಬಾರದೇ ಅನ್ನಿಸಿತು. "ಕ್ಷಮಿಸಿ" ಎಂದೆ.

"ನಿಮಗೆ ಹಗುರ ಆಗ್ಲಿ ಅಂತ ನಾನು ಕ್ಷಮಿಸ್ಬೇಕಾ? ಆಗಲ್ಲ. ಬರೀರಿ. ಆದ್ರೆ 'ಪಾಪ' ಅಂತ ಮಾತ್ರ ನನ್ನ ಬಗ್ಗೆ ಬರೀಬೇಡಿ."

ಬರೆದಿಲ್ಲ. ಪಾಪವೆಲ್ಲ ನನ್ನ ಪಾಲಿನದು.

ನನ್ನ ಬೇಡಿಕೆ ಇಷ್ಟು: ಇಪ್ಪತ್ತು ವರ್ಷಗಳ ಆಯ್ಕೆ ಸಮಿತಿಗಳ ನಡಾವಳಿಯನ್ನು ಜನರ ಮುಂದಿಡಿ. ಎಷ್ಟು ಮಹಿಳೆಯರು ಅರ್ಜಿ ಹಾಕಿದ್ದರು, ಒಳಗೆ ಅವರನ್ನು ಏನು ಕೇಳಿದೆವು, ಯಾವ ಕಾರಣ ಬರೆದು ಕಳಿಸಿದೆವು, ಎಲ್ಲರೂ ಓದಲಿ. ಮೊದಲು ನಾನು ಬರೆದ ಕಡತವನ್ನೇ ತೆಗೆಯಿರಿ. ಕೈಬರಹ ಯಾರದೆಂದು ಸಂದೇಹ ಬಂದರೆ ಹೇಳಿ ಕಳಿಸಿ, ನಾನೇ ಬಂದು ಎಲ್ಲರೆದುರು ಗುರುತಿಸುತ್ತೇನೆ.

ಇಂತಿ,
ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ನಮಸ್ಕರಿಸಿದರೆ ತಲೆಯೆತ್ತಲಾಗದ
ತಮ್ಮ ನಿವೃತ್ತ ಪ್ರಾಧ್ಯಾಪಕ